ಕಿಸೆಯಲ್ಲಿರುವ ಫೋನಿಗೆ ಯಜಮಾನ ಯಾರು?

(ಯುವ ಕಾರ್ಯಕರ್ತರ ಸಭೆಯಲ್ಲಿ ಮುದ್ರಣಾಲಯದ ಮಾಲೀಕರೊಬ್ಬರು ಆಡಿದ ಮಾತು)



ನಾನು ಭಾಷಣಕಾರನಲ್ಲ. ಪಿಯುಸಿ ಮುಗಿಸಿ ಅಪ್ಪನ ಪ್ರೆಸ್ಸಿನಲ್ಲಿ ಕೂತವನು. ಪ್ರೆಸ್ಸಿನ ಮಾತಿನಿಂದಲೇ ಶುರು ಮಾಡುತ್ತೇನೆ.

ಮೊಳೆ ಜೋಡಿಸುವ ಕಾಲ ಹೋಗಿ ಡಿಟಿಪಿ ಬಂದಾಗ ಒಂದೊಂದು ಕಂಪನಿಯ ಕನ್ನಡ ಫಾಂಟಿಗೆ ಒಂದೊಂದು ಸಂಕೇತ. ಒಬ್ಬರ ತಂತ್ರಾಂಶದಲ್ಲಿ ಕಂಪೋಸ್ ಮಾಡಿದ ಲಗ್ನಪತ್ರಿಕೆಯನ್ನು ಇನ್ನೊಬ್ಬರದ್ದರಲ್ಲಿ ತೆರೆದರೆ ಬರೀ ಗೀಚು! ಅಕ್ಷರ ನಮ್ಮದು, ಬೀಗದ ಕೈ ಅವರದು. ಯೂನಿಕೋಡ್ ಬಳಕೆಗೆ ಬಂದ ಮೇಲಷ್ಟೇ ಆ ಬೀಗ ಸಡಿಲವಾಯಿತು.

ಇವತ್ತು ಅಂಥದ್ದೇ ಬೀಗ ನಿಮ್ಮ ಕಿಸೆಯಲ್ಲಿದೆ. ಆಂಡ್ರಾಯ್ಡ್‌ನ ಮೂಲ ತಂತ್ರಾಂಶ ಎಲ್ಲರಿಗೂ ಮುಕ್ತ. ಆದರೆ ಅಂಗಡಿಯಲ್ಲಿ ಕೊಂಡ ಫೋನಿನಲ್ಲಿ ಅದರ ಮೇಲೆ ಗೂಗಲ್‌ನ ಪ್ಲೇ ಸರ್ವಿಸಸ್ ಕೂತಿರುತ್ತದೆ. ಅದರ ಒಳಗುಟ್ಟು ಮುಕ್ತವಲ್ಲ.

“ಮುಚ್ಚಿಡುವಂಥದ್ದು ನನ್ನಲ್ಲೇನಿದೆ?” ಎನ್ನುತ್ತೀರಾ? ನನ್ನ ಫೋನಿನಲ್ಲಿ ಗಿರಾಕಿಗಳ ನಂಬರಿದೆ, ಅಚ್ಚಾಗದ ಕರಪತ್ರವಿದೆ. ಅದನ್ನು ಪರರಿಗೆ ಒಪ್ಪಿಸಲು ನಾನ್ಯಾರು? 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಸಾರಿತು. ಆ ಪ್ರಕರಣದ ಅರ್ಜಿದಾರರು ಯಾರು ಗೊತ್ತೇ? ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ! 2012ರಲ್ಲಿ ಕೋರ್ಟಿನ ಮೆಟ್ಟಿಲು ಹತ್ತಿದಾಗ ಅವರಿಗೆ ಎಂಬತ್ತು ದಾಟಿತ್ತು. ನಮಗೆ ಇಪ್ಪತ್ತರಲ್ಲೇ ಸುಸ್ತೇ?

ನಾನು ಬದಲಾಯಿಸಿದೆ. ಗ್ರಾಫೀನ್‌ಓಎಸ್ ಎಂಬ ಮುಕ್ತ ತಂತ್ರಾಂಶ. ಗೂಗಲ್ ಸೇವೆಗಳು ಅದರಲ್ಲಿ ತಾವಾಗಿ ಬರುವುದಿಲ್ಲ. ಬೇಕೆಂದರೆ ಹಾಕಿಕೊಳ್ಳಬಹುದು, ಆಗಲೂ ಅವಕ್ಕೆ ಉಳಿದ ಆಪ್‌ಗಳಷ್ಟೇ ಅಧಿಕಾರ. ತಮಾಷೆಯೆಂದರೆ ಅದನ್ನು ಹಾಕಲು ಗೂಗಲ್‌ನದೇ ಪಿಕ್ಸೆಲ್ ಫೋನ್ ಕೊಳ್ಳಬೇಕಾಯಿತು! ಅಣ್ಣನ ಮಗ ಕಂಪ್ಯೂಟರಿಗೆ ಕೇಬಲ್ ಸಿಕ್ಕಿಸಿ ಒಂದು ಸಂಜೆಯಲ್ಲಿ ಮುಗಿಸಿದ. ಆಪ್‌ಗಳು ಎಫ್-ಡ್ರಾಯ್ಡ್‌ನಿಂದ ಬರುತ್ತವೆ. 2010ರಿಂದ ನಡೆದಿರುವ ಮುಕ್ತ ತಂತ್ರಾಂಶದ ಭಂಡಾರವದು, ಖಾತೆಯನ್ನೇ ಕೇಳುವುದಿಲ್ಲ.

ಸುಳ್ಳು ಹೇಳಲಾರೆ, ನಷ್ಟವೂ ಇದೆ. ನನ್ನ ಬ್ಯಾಂಕಿನ ಆಪ್ ಹೊಸ ಫೋನಿನಲ್ಲಿ ನಡೆಯಲೊಲ್ಲದು. ಹಣದ ವ್ಯವಹಾರಕ್ಕೆ ಹಳೆಯ ಫೋನು ಪ್ರೆಸ್ಸಿನ ಗಲ್ಲಾಪೆಟ್ಟಿಗೆಯಲ್ಲೇ ಇದೆ. ನನ್ನೊಂದಿಗೆ ಊರು ಸುತ್ತುವುದಿಲ್ಲ, ಅಷ್ಟೇ ಸಮಾಧಾನ.

ನೀವು ಅವಸರ ಮಾಡಬೇಡಿ. ನಿಮ್ಮ ಮಾಡೆಲ್‌ಗೆ ಇಂಥ ತಂತ್ರಾಂಶ ಇದೆಯೇ ನೋಡಿ. ಬೂಟ್‌ಲೋಡರ್ ಬೀಗ ತೆಗೆದರೆ ಫೋನಿನಲ್ಲಿದ್ದದ್ದೆಲ್ಲ ಅಳಿಸಿಹೋಗುತ್ತದೆ, ಮೊದಲೇ ನಕಲು ಇಟ್ಟುಕೊಳ್ಳಿ. ಮೊದಲ ಹೆಜ್ಜೆಯಾಗಿ ಈಗಿರುವ ಫೋನಿನಲ್ಲೇ ಎಫ್-ಡ್ರಾಯ್ಡ್ ಹಾಕಿ ಬಳಸಿ ನೋಡಿ.

ಕೊನೆಯ ಮಾತು. ಬೇರೆಯವರ ನಕ್ಷೆಯಲ್ಲಿ ನಮ್ಮ ಬೀದಿಯ ಹೆಸರು ಕನ್ನಡದಲ್ಲಿಲ್ಲವೆಂದು ಮನವಿ ಕೊಟ್ಟು ಕಾಯುತ್ತೇವೆ. ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಮುಕ್ತ ನಕ್ಷೆಯಲ್ಲಿ ಆ ಹೆಸರನ್ನು ನೀವೇ ಕನ್ನಡದಲ್ಲಿ ಬರೆಯಬಹುದು. ಯಾರ ಅಪ್ಪಣೆಯೂ ಬೇಡ. ಬೇಡುವುದನ್ನು ಬಿಟ್ಟು ಬರೆಯಲು ಕೂರೋಣ. ಇವತ್ತು ಮನೆಗೆ ಹೋದವರೇ ನಿಮ್ಮ ಬೀದಿಯಿಂದ ಶುರು ಮಾಡಿ.

ಸಿರಿಗನ್ನಡಂ ಗೆಲ್ಗೆ!