ಪದವಿ ವಿದ್ಯಾರ್ಥಿಯ ಸಂಶೋಧನೆಗೆ ಸಿಕ್ಕ ವೇದಿಕೆ

ಪದವಿ ತರಗತಿಯ ವಿದ್ಯಾರ್ಥಿಗಳು ತಾವೇ ನಡೆಸಿದ ಸಂಶೋಧನೆಯನ್ನು ಸಭೆಯ ಮುಂದಿಡುವ ರಾಷ್ಟ್ರೀಯ ಸಮ್ಮೇಳನ ಅಮೆರಿಕದಲ್ಲಿ ಆರಂಭವಾದದ್ದು 1987ರಲ್ಲಿ, ಉತ್ತರ ಕೆರೊಲಿನಾ ವಿಶ್ವವಿದ್ಯಾಲಯದ ಆಶ್‌ವಿಲ್ ಆವರಣದಲ್ಲಿ. ಅದರ ಬೇರು ಇದ್ದದ್ದು ಪ್ರಯೋಗಾಲಯಗಳಲ್ಲಿ. 1969ರಲ್ಲಿ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯು ಮಾರ್ಗರೆಟ್ ಮೆಕ್‌ವಿಕರ್ ಅವರ ಮುಂದಾಳತ್ವದಲ್ಲಿ, ಪದವಿ ವಿದ್ಯಾರ್ಥಿಗಳನ್ನು ಅಧ್ಯಾಪಕರ ಸಂಶೋಧನೆಗೆ ಸೇರಿಸಿಕೊಳ್ಳುವ ಕಾರ್ಯಕ್ರಮ ಶುರುಮಾಡಿತ್ತು. 1978ರಲ್ಲಿ ಸಣ್ಣ ಖಾಸಗಿ ಕಾಲೇಜುಗಳ ರಸಾಯನಶಾಸ್ತ್ರ ಅಧ್ಯಾಪಕರು ಕೂಡಿ ಪದವಿ ಸಂಶೋಧನಾ ಮಂಡಳಿಯನ್ನು ಕಟ್ಟಿದರು. ಆಶ್‌ವಿಲ್ ಸಮ್ಮೇಳನದ ವಿಶೇಷವೆಂದರೆ ಅದು ಎಲ್ಲ ವಿಷಯಗಳಿಗೂ ಬಾಗಿಲು ತೆರೆಯಿತು. ಇತಿಹಾಸ, ಸಾಹಿತ್ಯ, ಸಂಗೀತ, ಚಿತ್ರಕಲೆಗಳು ವಿಜ್ಞಾನದ ಪಕ್ಕದಲ್ಲೇ ಕುಳಿತವು.

ಕಲಾ ವಿಭಾಗಕ್ಕೆ ಈ ಪ್ರವೇಶ ಅಷ್ಟು ಸಲೀಸಾಗಿರಲಿಲ್ಲ. ವಿಜ್ಞಾನದ ವಿದ್ಯಾರ್ಥಿ ಗುರುಗಳ ತಂಡಕ್ಕೆ ಸೇರಿ, ಅವರು ಹಿಡಿದಿರುವ ಸಮಸ್ಯೆಯ ಒಂದು ತುಣುಕನ್ನು ಕೈಗೆತ್ತಿಕೊಳ್ಳುತ್ತಾನೆ. ಕಲಾ ವಿಭಾಗದಲ್ಲಿ ಬಹುಪಾಲು ಒಬ್ಬೊಬ್ಬರದೇ ದುಡಿಮೆ. ಹಳೆಯ ಪತ್ರಗಳ ಕಟ್ಟನ್ನು ಬಿಚ್ಚಿ ಕುಳಿತವಳಿಗೆ ಪ್ರಶ್ನೆಯನ್ನು ಯಾರೂ ಕೊಡುವುದಿಲ್ಲ. ಯಾವ ಪತ್ರಕ್ಕೆ ತಾರೀಖಿಲ್ಲ, ಯಾರ ಉತ್ತರ ಕಳೆದುಹೋಗಿದೆ ಎಂದು ನೋಡುತ್ತ ನೋಡುತ್ತ ಪ್ರಶ್ನೆಯನ್ನು ಅವಳೇ ಕಂಡುಕೊಳ್ಳಬೇಕು. ಆ ಕೆಲಸವನ್ನು ಕೆಲವೇ ನಿಮಿಷಗಳ ಪ್ರಬಂಧವಾಗಿ ಇಳಿಸಿ, ಬೇರೆ ವಿಷಯದವರು ಕೇಳುವ ಪ್ರಶ್ನೆಗೆ ನಿಂತಲ್ಲೇ ಉತ್ತರಿಸಬೇಕು. ಭಿತ್ತಿಪತ್ರದ ಪಕ್ಕದಲ್ಲಿ ನಿಂತು ವಿವರಿಸುವ ವಿಜ್ಞಾನದವರ ರೂಢಿಯನ್ನು ಕಲಾ ವಿಭಾಗವೂ ಕಲಿತುಕೊಂಡಿತು. ಕಲಾಕೃತಿಗಳ ಪ್ರದರ್ಶನ, ನೃತ್ಯ, ನಾಟಕಗಳೂ ಸಂಶೋಧನೆಯ ಮಂಡನೆಯಾಗಿ ಸಮ್ಮೇಳನದ ಅಂಗವಾದವು.

ಅಮೆರಿಕದ ಸಂಶೋಧನಾ ವಿಶ್ವವಿದ್ಯಾಲಯಗಳು ಪದವಿ ವಿದ್ಯಾರ್ಥಿಗಳನ್ನು ಕಡೆಗಣಿಸುತ್ತಿವೆ ಎಂದು 1998ರಲ್ಲಿ ಬಾಯರ್ ಆಯೋಗ ಕಟುವಾಗಿ ಹೇಳಿದ ಮೇಲೆ ಈ ಚಳವಳಿಗೆ ಬಲ ಬಂತು. 2010ರಲ್ಲಿ ಆಶ್‌ವಿಲ್‌ನಲ್ಲಿ ಹುಟ್ಟಿದ ಸಮ್ಮೇಳನವೂ ಪದವಿ ಸಂಶೋಧನಾ ಮಂಡಳಿಯೂ ಒಂದಾದವು. ಬ್ರಿಟನ್ನಿನಲ್ಲಿ ಇಂಥ ಮೊದಲ ರಾಷ್ಟ್ರೀಯ ಸಮ್ಮೇಳನ 2011ರಲ್ಲಿ ಸೆಂಟ್ರಲ್ ಲ್ಯಾಂಕಷೈರ್ ವಿಶ್ವವಿದ್ಯಾಲಯದಲ್ಲಿ ನಡೆಯಿತು. ಮರುವರ್ಷ ಆಸ್ಟ್ರೇಲಿಯದ ಮಕ್ವಾರಿ ವಿಶ್ವವಿದ್ಯಾಲಯ ಅದೇ ಹಾದಿ ಹಿಡಿಯಿತು. 2013ರಿಂದ ಬ್ರಿಟನ್ನಿನ ವಾರಿಕ್ ಮತ್ತು ಆಸ್ಟ್ರೇಲಿಯದ ಮೊನಾಶ್ ವಿಶ್ವವಿದ್ಯಾಲಯಗಳು ವಿಡಿಯೊ ಸಂಪರ್ಕದ ಮೂಲಕ ಖಂಡಾಂತರದ ವಿದ್ಯಾರ್ಥಿಗಳನ್ನು ಒಂದೇ ಗೋಷ್ಠಿಯಲ್ಲಿ ಕೂರಿಸಿದವು.

ಭಾರತದಲ್ಲಿ 2020ರ ರಾಷ್ಟ್ರೀಯ ಶಿಕ್ಷಣ ನೀತಿ ನಾಲ್ಕನೆಯ ವರ್ಷದ ಸಂಶೋಧನಾ ಪದವಿಗೆ ದಾರಿ ಮಾಡಿತು. ಕರ್ನಾಟಕ 2021ರಲ್ಲಿ ಆ ವ್ಯವಸ್ಥೆಯನ್ನು ಒಪ್ಪಿ, 2024ರಲ್ಲಿ ಮೂರು ವರ್ಷದ ಪದವಿಗೆ ಮರಳಿತು. ವರ್ಷಗಳ ಲೆಕ್ಕ ಮತ್ತೆಯೂ ಬದಲಾಗಬಹುದು. ಆದರೆ ಕಲಾ ವಿಭಾಗದ ಪದವಿ ವಿದ್ಯಾರ್ಥಿಗಳ ಸಂಶೋಧನೆಗೆ ಬೇಕಾದ ಸಾಮಗ್ರಿ ಊರ ಗುಡಿಯ ಶಾಸನದಲ್ಲಿ, ಮನೆಯ ಪೆಟ್ಟಿಗೆಯ ಕಾಗದಪತ್ರದಲ್ಲಿ, ಅಜ್ಜಿ ಹೇಳುವ ಹಾಡಿನಲ್ಲಿ ಈಗಲೂ ಇದೆ. ಅದನ್ನು ಬರೆದಿಟ್ಟುಕೊಳ್ಳಲು ನಾಲ್ಕನೆಯ ವರ್ಷಕ್ಕೆ ಕಾಯಬೇಕಾಗಿಲ್ಲ.