ಅರಿವು ಕೇಂದ್ರದಲ್ಲಿ ಚಿತ್ರಕಥೆಗಳಿಗೊಂದು ಕಪಾಟು

(ಗ್ರಾಮ ಪಂಚಾಯಿತಿ ಸದಸ್ಯರ ಸಭೆಯಲ್ಲಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯೊಬ್ಬರು ಮಾಡಿದ ಭಾಷಣದ ಪಾಠ)



2019ರಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ನಮ್ಮ ಇಲಾಖೆಯ ಆಡಳಿತಕ್ಕೆ ಒಳಪಟ್ಟವು. 2020ರ ನವೆಂಬರಿನಲ್ಲಿ ‘ಓದುವ ಬೆಳಕು’ ಆರಂಭವಾಗಿ ಮಕ್ಕಳಿಗೆ ಉಚಿತ ಸದಸ್ಯತ್ವ ದೊರೆಯಿತು. ಇಂದು ಅವೇ ಅರಿವು ಕೇಂದ್ರಗಳು. ಆದರೆ ಇದೀಗ ಓದಲು ಕಲಿಯುತ್ತಿರುವ ಮಗುವಿಗೆ ಅಲ್ಲಿ ಏನಿದೆ? ಸ್ಪರ್ಧಾತ್ಮಕ ಪರೀಕ್ಷೆಯ ಹೊತ್ತಗೆಗಳು ಮುಂದಿನ ಸಾಲಿನಲ್ಲಿರುತ್ತವೆ. ಚಿತ್ರಕಥೆಗಳಿದ್ದರೂ, ಹರಿದುಹೋದಾವೆಂಬ ಭಯದಿಂದ ಬೀಗದೊಳಗಿರುವುದುಂಟು.

ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯಗಳ ಆಸುಪಾಸಿನಲ್ಲಿ ಈ ಪ್ರಶ್ನೆಗೆ ವಿಶೇಷ ತೂಕವಿದೆ. ಕಾರ್ಖಾನೆ, ಕಟ್ಟಡ ಕೆಲಸಗಳಿಗಾಗಿ ಬಂದ ಕುಟುಂಬಗಳ ಮಕ್ಕಳು ಮನೆಯಲ್ಲಿ ತೆಲುಗು, ತಮಿಳು, ಹಿಂದಿ, ಒಡಿಯಾ ಮಾತನಾಡಿ, ಶಾಲೆಯಲ್ಲಿ ಕನ್ನಡದ ಒತ್ತಕ್ಷರಗಳೊಡನೆ ಸೆಣಸುತ್ತಾರೆ. ‘ಪ್ರಯತ್ನ’ ಎಂಬ ಪದವನ್ನೇ ನೋಡಿ: ಮೂರಕ್ಷರದಲ್ಲಿ ಎರಡು ಒತ್ತು!

ಚಿತ್ರಕಥೆಯಲ್ಲಿ ಸೈಕಲ್ ಕಲಿಯುವ ಹುಡುಗಿ ಒಂದು ಚೌಕಟ್ಟಿನಲ್ಲಿ ಬೀಳುತ್ತಾಳೆ, ಮುಂದಿನದರಲ್ಲಿ ಮಂಡಿ ಒರೆಸಿಕೊಳ್ಳುತ್ತಾಳೆ, ಮೂರನೆಯದರಲ್ಲಿ ಮತ್ತೆ ಬೀಳುತ್ತಾಳೆ. ಓದಲಾಗದ ಪದವನ್ನು ಮಗು ಚಿತ್ರದಿಂದ ಊಹಿಸಿ ಮುಂದೆ ಸಾಗುತ್ತದೆ, ಕಥೆ ನಿಲ್ಲುವುದಿಲ್ಲ. ಅವಳು ಸೈಕಲ್ ಏರುವ ಹೊತ್ತಿಗೆ ಮಗುವೂ ತಡವರಿಸುತ್ತಲೇ ಕೊನೆಯ ಪುಟ ಮುಟ್ಟಿರುತ್ತದೆ. ಎರಡನೆಯ ಪುಟದಲ್ಲೇ ಗೆದ್ದು ಬಹುಮಾನ ಪಡೆಯುವ ನಾಯಕರ ಪುಸ್ತಕಗಳು ನನಗೆ ಅಷ್ಟಾಗಿ ಹಿಡಿಸುವುದಿಲ್ಲ.

ಇದನ್ನು ಹುಡುಗಾಟಿಕೆ ಎನ್ನುವವರುಂಟು. ಹೊಸ ಕೆಲಸಗಾರನಿಗೆ ಯಂತ್ರದ ಪಕ್ಕದಲ್ಲಿ ತೂಗುಹಾಕುವುದು ಹಂತಹಂತದ ಚಿತ್ರಗಳನ್ನೇ ಅಲ್ಲವೇ? ಇಂಜಿನಿಯರಿಂಗ್ ಓದಿದ ನಮಗೂ ನಕ್ಷೆಯೇ ಮೊದಲ ಭಾಷೆ.

ಬೆಂಗಳೂರಿನಲ್ಲೇ 2004ರಲ್ಲಿ ಸ್ಥಾಪಿತವಾದ ಪ್ರಥಮ್ ಬುಕ್ಸ್ ಸಂಸ್ಥೆಯು 2015ರಲ್ಲಿ ಸ್ಟೋರಿವೀವರ್ ಜಾಲತಾಣವನ್ನು ಆರಂಭಿಸಿತು. ಓದಿನ ಹಂತಗಳಿಗೆ ತಕ್ಕಂತೆ ವಿಂಗಡಿಸಿದ ಸಚಿತ್ರ ಕನ್ನಡ ಕಥೆಗಳು ಅಲ್ಲಿ ಮುಕ್ತ ಪರವಾನಗಿಯಲ್ಲಿ ಲಭ್ಯ. ಲೇಖಕರ, ಚಿತ್ರಕಾರರ ಹೆಸರುಗಳನ್ನು ಉಳಿಸಿಕೊಂಡು ಮುದ್ರಿಸಿಕೊಳ್ಳಬಹುದು. ಅದೇ ಕಥೆ ತೆಲುಗಿನಲ್ಲೋ ತಮಿಳಿನಲ್ಲೋ ಇದ್ದರೆ, ತಾಯಿ ಒಂದನ್ನು ಮಗು ಇನ್ನೊಂದನ್ನು ಹಿಡಿದು ಜೊತೆಯಾಗಿ ಓದಬಹುದು.

ಆಸ್ತಿ ತೆರಿಗೆಯೊಡನೆ ಗ್ರಂಥಾಲಯ ಕರವನ್ನೂ ನಾವು ವಸೂಲು ಮಾಡುತ್ತೇವೆ. ಬಡಾವಣೆ, ಗೋದಾಮುಗಳಿರುವ ಪಂಚಾಯಿತಿಗಳಿಗೆ ಹಣದ ನೆಪ ಸಲ್ಲದು. ಮುಂದಿನ ಸಾಮಾನ್ಯ ಸಭೆಯಲ್ಲಿ ಮೊದಲೆರಡು ಹಂತಗಳ ಪುಸ್ತಕಗಳನ್ನು, ತಲಾ ಐದಾರು ಪ್ರತಿಗಳಂತೆ, ತರಿಸಲು ನಿರ್ಣಯವಾಗಲಿ. ಆಯ್ಕೆಯನ್ನು ಮಕ್ಕಳ ಗ್ರಾಮಸಭೆಗೇ ಬಿಡೋಣ. ತಂದೆತಾಯಿ ಪಾಳಿಯಿಂದ ಮರಳುವವರೆಗೆ ಸಂಜೆ ಕೇಂದ್ರ ತೆರೆದಿರಲಿ. ಓದಿ ಓದಿ ಹರಿದ ಪುಸ್ತಕದ ಬೆಲೆಯನ್ನು ಮೇಲ್ವಿಚಾರಕರಿಂದ ವಸೂಲು ಮಾಡುವುದಿಲ್ಲವೆಂಬ ಮಾತನ್ನೂ ಅದೇ ನಿರ್ಣಯದಲ್ಲಿ ಸೇರಿಸಬೇಕೆಂದು ಕೋರುತ್ತೇನೆ. ಆಗ ಮಾತ್ರ ಆ ಬೀಗ ತೆರೆದೀತು.