ನಮ್ಮ ಬಿಸಿಲಿಗೆ ಯಾವ ಗುಲಾಬಿ?

(ಸಂಘದ ಬೆಳ್ಳಿಹಬ್ಬದ ಮಹಿಳಾ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಸಾಲ, ಗೊಬ್ಬರ, ಷೇರಿನ ಮಾತು ಬೆಳಗಿನಿಂದ ಆಗಿದೆ. ನಾನು ಹಿತ್ತಲ ಗುಲಾಬಿಯ ಬಗ್ಗೆ ನಾಲ್ಕು ಮಾತು ಹೇಳ್ತೀನಿ. ಮೊದಲು ನನ್ನ ತಪ್ಪನ್ನೇ ಹೇಳಿಬಿಡ್ತೀನಿ.

ನಮ್ಮತ್ತೆ ನೆಟ್ಟ ಪನ್ನೀರು ಗುಲಾಬಿ ಗಿಡ ಬಾವಿಕಟ್ಟೆ ಹತ್ತಿರ ಇತ್ತು. ದೇವರಿಗೆ ಹೂವಿನ ಕೊರತೆ ಇರಲಿಲ್ಲ. ‘ಇದೇನು ಹಳೇ ಗಿಡ’ ಅಂತ ಅದನ್ನು ಕಿತ್ತು, ಗಾಡಿಯಲ್ಲಿ ಮಾರಲು ಬಂದವನಿಂದ ಅಂಗೈ ಅಗಲದ ಹೂವಿನ ಆರು ಕಸಿ ಗಿಡ ಕೊಂಡು ನೆಟ್ಟೆ. ಏಪ್ರಿಲ್ ಬಿಸಿಲಿಗೆ ಹೂವು ಸಣ್ಣದಾಯಿತು, ಕೆಂಪು ದಳದ ಅಂಚು ಕರಿಯಾಯಿತು. ಮಳೆಗಾಲದಲ್ಲಿ ಎಲೆಗೆ ಕಪ್ಪು ಚುಕ್ಕೆ ಬಂದು ಉದುರಿತು. ಎರಡನೇ ವರ್ಷಕ್ಕೆ ಐದು ಗಿಡ ಹೋದವು. ಆರನೆಯದು ಹುಲುಸಾಗಿ ಬೆಳೆಯಿತು. ನೋಡಿದರೆ ಅದು ಕಸಿಯ ಕೆಳಗಿನಿಂದ ಬಂದ ಕಾಡುಗುಲಾಬಿಯ ಚಿಗುರು! ಅತ್ತೆ ಒಂದು ಮಾತೂ ಆಡಲಿಲ್ಲ. ಅದೇ ನನಗೆ ಹೆಚ್ಚು ನೋವಾಯಿತು.

ದೊಡ್ಡ ಹೂವಿನ ತಳಿಗಳಲ್ಲಿ ಎಷ್ಟೋ ತಂಪು ದೇಶದಲ್ಲಿ ಹುಟ್ಟಿದವು. ಬಿಸಿಲು ಹೆಚ್ಚಾದರೆ ಅವುಗಳ ಮೊಗ್ಗು ಬೇಗ ಬಿರಿದು ಬೇಗ ಉದುರುತ್ತದೆ. ಗೋಧಿ ತಳಿಗೆ ಹೆಸರಾದ ವಿಜ್ಞಾನಿ ಡಾ. ಬಿ.ಪಿ. ಪಾಲ್ ಅವರು ನಮ್ಮ ದೇಶದಲ್ಲೇ ಅನೇಕ ಗುಲಾಬಿ ತಳಿ ಬೆಳೆಸಿದರು. 1966ರಲ್ಲಿ ಭಾರತದ ಗುಲಾಬಿಯ ಬಗ್ಗೆ ಪುಸ್ತಕವನ್ನೂ ಬರೆದರು. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯಲ್ಲೂ ‘ಅರ್ಕಾ ಸವಿ’ಯಂಥ ತಳಿಗಳಾಗಿವೆ.

ಹೊಸದಾಗಿ ಬೆಳೆಸುವವರು ಮೊದಲು ಪನ್ನೀರು ಗುಲಾಬಿ ನೆಡಿ. ಎಡ್ವರ್ಡ್ ಗುಲಾಬಿ ಅಂತಲೂ ಕರೀತಾರೆ. ಪರಿಮಳ ಇದೆ, ಕಡ್ಡಿಯಿಂದಲೇ ಬೇರು ಬಿಡುತ್ತದೆ, ಸ್ವಂತ ಬೇರಾದ್ದರಿಂದ ಕಾಡು ಚಿಗುರಿನ ಕಾಟವಿಲ್ಲ. ಮಾಲೆಗೆ ಬಟನ್ ಗುಲಾಬಿ ಆದೀತು. ಗೊಂಚಲಾಗಿ ಬಿಡುವ ಫ್ಲೋರಿಬಂಡಾ ಕೂಡ ಒಳ್ಳೆಯದು. ದೊಡ್ಡ ಹೂವಿನ ಆಸೆ ಇದ್ದರೆ ಒಂದೆರಡು ಸಾಕು. ಕಡುಕೆಂಪಿಗಿಂತ ತಿಳಿಬಣ್ಣ ಆರಿಸಿ, ಬೆಳಗಿನ ಬಿಸಿಲು ಬಿದ್ದು ಮಧ್ಯಾಹ್ನ ನೆರಳಾಗುವ ಜಾಗದಲ್ಲಿ ಇಡಿ.

ಕಸಿ ಗಿಡದ ಗಂಟು ಮಣ್ಣಿನಿಂದ ಎರಡು ಅಂಗುಲ ಮೇಲಿರಲಿ. ಅದರ ಕೆಳಗೆ ಬಂದ ಚಿಗುರನ್ನು ಕಂಡ ಕೂಡಲೇ ಬುಡದಿಂದ ಕೀಳಿ. ನೀರು ಬುಡಕ್ಕೆ ಹಾಕಿ, ಸಂಜೆ ಹೊತ್ತು ಎಲೆ ತೋಯಿಸಬೇಡಿ. ಬೇಸಿಗೆಯಲ್ಲಿ ಒಣ ತರಗು ಮುಚ್ಚಿ. ಗಿಡ ಕತ್ತರಿಸುವುದು ಮಳೆ ಹಿಂದಾದ ಮೇಲೆ, ಅಕ್ಟೋಬರಿನಲ್ಲಿ. ಬೇಸಿಗೆಯಲ್ಲಿ ಕತ್ತರಿ ಮುಟ್ಟಲೇಬೇಡಿ.

ನನ್ನ ಪುಣ್ಯ, ಅತ್ತೆ ಹಿಂದೆ ಪಕ್ಕದ ಮನೆಗೆ ಅದೇ ಗಿಡದ ಕಡ್ಡಿ ಕೊಟ್ಟಿದ್ದರು. ಆ ಮನೆಯವರನ್ನು ಕೇಳಿ ಪೆನ್ಸಿಲ್ ದಪ್ಪದ ಗೇಣುದ್ದ ಕಡ್ಡಿ ತಂದು ಮತ್ತೆ ನೆಟ್ಟೆ. ಮೊದಲ ಹೂವನ್ನು ಅತ್ತೆ ಕೈಗೆ ಕೊಟ್ಟೆ. ಅವರು ಮೂಸಿ ನೋಡಿ, ‘ಅದೇ ಕಣಮ್ಮ’ ಅಂದರು. ಅಷ್ಟೇ.

ಊರಲ್ಲಿ ಈ ಗಿಡ ಈಗ ಕೆಲವೇ ಮನೆಗಳಲ್ಲಿದೆ. ಒಂದೇ ಮನೆಯಲ್ಲಿದ್ದರೆ ಒಬ್ಬರ ತಪ್ಪಿಗೆ ತಳಿಯೇ ಹೋದೀತು. ಈ ಅಕ್ಟೋಬರಿನಲ್ಲಿ ಕತ್ತರಿಸಿದ ಕಡ್ಡಿಗಳನ್ನು ಸಂಘದ ಕಚೇರಿಯಲ್ಲಿ ಇಟ್ಟಿರ್ತೀನಿ. ಬಂದು ತಗೊಂಡು ಹೋಗಿ. ಬೇರು ಬಿಟ್ಟ ಮೇಲೆ ಇನ್ನೊಬ್ಬರಿಗೂ ಕೊಡಿ.